ವಾಟರ್ ಪಾರ್ಕಿನಲ್ಲಿ ಮಕ್ಕಳಿಗೆ ತಲೆನೋವು, ಬಾಟಲಿ ನೀರಿಗೇ ದುಡ್ಡು: ಪ್ರತಿಕ್ರಿಯೆ

ವಾಟರ್ ಪಾರ್ಕಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮಕ್ಕಳಿಗೆ ತಲೆನೋವು, ಸುಸ್ತು ಬಂತು, ಬಾಟಲಿ ನೀರಿಗೇ ದುಡ್ಡು ಹೋಯಿತು, ಇದಕ್ಕೇನು ಉಪಾಯ ಎಂದು ಕೇಳಿದ್ದೀರಿ. ಆ ತಲೆನೋವು, ಸುಸ್ತು ಬಹುಶಃ ನೀರು ಸಾಲದೆ ಆದದ್ದು. ಮೈ ಒದ್ದೆಯಿದ್ದಾಗ ಬೆವರಿದ್ದು ಗೊತ್ತೇ ಆಗುವುದಿಲ್ಲ. ಬರೀ ಬಿಸಿಲಿನ ಝಳವೂ ಇರಬಹುದು. ಎರಡಕ್ಕೂ ಉಪಾಯ ಹೆಚ್ಚುಕಡಿಮೆ ಒಂದೇ.

ಮೈಸೂರಿನ ಜಿಆರ್‌ಎಸ್ ವಾಟರ್ ಪಾರ್ಕಿಗೆ ಹೊರಡುವ ಹಿಂದಿನ ದಿನವೇ ಫೋನ್ ಮಾಡಿ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಖಾಲಿ ಬಾಟಲಿಯನ್ನಾದರೂ ಒಳಗೆ ಬಿಡುತ್ತಾರಾ ಕೇಳಿ. ಮಂಡ್ಯದಿಂದ ಬರುವವರು ನೀವು, ಎಳನೀರನ್ನು ದಾರಿಯಲ್ಲೇ ಕುಡಿಸಿ, ಪಾರ್ಕಿನ ಬಾಗಿಲಲ್ಲಿ ಬೇಡ. ಬೆಳಿಗ್ಗೆ ತಿಂಡಿಯ ಜೊತೆ ಉಪ್ಪು ಹಾಕಿದ ನೀರು ಮಜ್ಜಿಗೆ. ಒಳಗೆ ಹೋದ ಮೇಲೆ ಬಾಯಾರಿಕೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ನೀರು.

ಬ್ಯಾಗಿನಲ್ಲಿ ಒಆರ್‌ಎಸ್ ಪುಡಿ (ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ) ಇರಲಿ, ಜನೌಷಧಿ ಅಂಗಡಿಯಲ್ಲಿ ಅಗ್ಗ. 1 ಲೀಟರ್‌ನ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಕಲಸಿ. ಅಂದಾಜಿಗೆ ಲೋಟಕ್ಕಿಷ್ಟು ಹಾಕಿದರೆ ಉಪ್ಪು ಹೆಚ್ಚಾಗಿ ತೊಂದರೆ. ಪೊಟ್ಟಣ ಇಲ್ಲವೇ? 1 ಲೀಟರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬಣ್ಣದ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ, ಬೆಲೆಯಂತೂ ಕೇಳಬೇಡಿ.

ಮೂತ್ರ ಗಾಢ ಹಳದಿಯಾದರೆ ಆಟ ನಿಲ್ಲಿಸಿ, ನೆರಳಲ್ಲಿ ಕೂರಿಸಿ ಕುಡಿಸಿ. ಮಗು ಮಂಕಾಗಿದ್ದರೆ, ವಾಂತಿ ನಿಲ್ಲದಿದ್ದರೆ ನೇರ ಆಸ್ಪತ್ರೆಗೆ.