ನಾಲ್ಕು ತಿಂಗಳ ಮಗುವಿಗೆ ನೀರು ಕುಡಿಸಬೇಕಾ?

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಸೆಕೆ ಜಾಸ್ತಿ, ಸ್ವಲ್ಪ ನೀರು ಕುಡಿಸು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನಗೂ ತುಂಬಾ ಸುಸ್ತು. ಏನು ಮಾಡಲಿ?

ಉತ್ತರ: ನೀರು ಬೇಡ, ಒಂದು ಚಮಚವೂ ಬೇಡ. ಎದೆಹಾಲಿನಲ್ಲಿ 80 ಶೇಕಡಕ್ಕಿಂತ ಜಾಸ್ತಿ ನೀರೇ ಇದೆ. ಆ ಪುಟ್ಟ ಹೊಟ್ಟೆ ನೀರಿನಿಂದ ತುಂಬಿಬಿಟ್ಟರೆ ಮಗು ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಅದರ ಮೇಲೆ ನೀರು ಶುದ್ಧವಿಲ್ಲದಿದ್ದರೆ ಭೇದಿ ಶುರುವಾಗುತ್ತದೆ, ಮೈಗೆ ಹತ್ತಿದ್ದೂ ಇಳಿದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ: ಮೊದಲ 6 ತಿಂಗಳು ಬರೀ ಎದೆಹಾಲು. ದಿನಕ್ಕೆ ಆರೇಳು ಸಲ ಬಟ್ಟೆ ಒದ್ದೆಯಾಗುತ್ತಿದೆ, ತೂಕವೂ ಏರುತ್ತಿದೆ ಅಂದರೆ ಹಾಲು ಸಾಕಾಗುತ್ತಿದೆ ಅಂತಲೇ ಅರ್ಥ.

6 ತಿಂಗಳು ತುಂಬಿದ ಮೇಲೆ ಮೆತ್ತಗಿನ ಊಟ ಶುರು ಮಾಡಿ, ಎದೆಹಾಲನ್ನು 2 ವರ್ಷದವರೆಗೂ ನಿಲ್ಲಿಸಬೇಡಿ. ಊಟ ನೀರುನೀರಾಗಿರಬಾರದು, ಚಮಚ ಓರೆ ಮಾಡಿದರೆ ತಟ್ಟನೆ ಸುರಿಯದಷ್ಟು ಗಟ್ಟಿ ಇರಲಿ.

ಇನ್ನು ನಿಮ್ಮ ಸುಸ್ತು. ಬಾಣಂತಿ ಅಲ್ವಾ, ಸುಸ್ತು ಇದ್ದೇ ಇರುತ್ತದೆ ಅಂತ ಸುಮ್ನೆ ಕೂರಬೇಡಿ. ರಕ್ತಹೀನತೆ ಇರಬಹುದು, ಹಿಮೋಗ್ಲೋಬಿನ್ ಪರೀಕ್ಷೆ ಈ ವಾರವೇ ಮಾಡಿಸಿ. ಎಲ್ಲರ ಊಟ ಮುಗಿದ ಮೇಲೆ ಉಳಿದದ್ದನ್ನು ತಿನ್ನುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಹಾಲೂಡಿಸುವ ನಿಮಗೆ ಮೊದಲಿಗಿಂತ ಜಾಸ್ತಿ ಊಟ ಬೇಕು.