ಆಣೆ ಮುರಿಯಿರಿ, ಈ ರಾತ್ರಿಯೇ

ಪ್ರಶ್ನೆ: ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ರೂಮ್‌ಮೇಟ್ ಎರಡು ವಾರದಿಂದ ಸರಿಯಾಗಿ ಉಣ್ಣುತ್ತಿಲ್ಲ, ಕ್ಲಾಸಿಗೆ ಬರುತ್ತಿಲ್ಲ. ಮೊನ್ನೆ ರಾತ್ರಿ ‘ನಾನಿಲ್ಲದಿದ್ರೆ ಎಲ್ಲರಿಗೂ ಹಗುರ’ ಎಂದ. ತನ್ನ ಹೆಡ್‌ಫೋನ್, ಜಾಕೆಟ್ ನನಗೇ ಕೊಟ್ಟುಬಿಟ್ಟ. ಯಾರಿಗೂ ಹೇಳಬಾರದು ಎಂದು ನನ್ನ ಅಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದಾನೆ. ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ, ಹಾಸ್ಟೆಲ್‌ನಿಂದ ಹೊರಗೆ ಹಾಕುತ್ತಾರೆ ಅಂತಾರೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿ ಮಾತಾಡಿದ್ದೇನೆ. ನಿಮ್ಮ ಗೆಳೆಯ ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದಾನೆ ಎಂಬುದು ಸಮಾಧಾನ. ನಿಮ್ಮಿಬ್ಬರ ಒಪ್ಪಿಗೆ ಕೇಳಿಯೇ ಇದನ್ನು ಹಾಕುತ್ತಿದ್ದೇನೆ, ಯಾಕೆಂದರೆ ಇಂಥ ಆಣೆ ಹೊತ್ತುಕೊಂಡು ನಿದ್ದೆಗೆಟ್ಟು ಕೂತವರು ಬೇರೆ ಹಾಸ್ಟೆಲ್‌ಗಳಲ್ಲೂ ಇರುತ್ತಾರೆ.

ಅವರಿಗೆಲ್ಲ ಹೇಳುವುದು ಒಂದೇ. ಆ ಆಣೆ ಮುರಿಯಿರಿ. ಅಮ್ಮನಿಗೆ ಏನೂ ಆಗುವುದಿಲ್ಲ.

ನಾನು ವಾರ್ಡನ್ ಆಗಿದ್ದಾಗ ಒಂದು ರಾತ್ರಿ ಹನ್ನೊಂದು ಗಂಟೆಗೆ ಹುಡುಗನೊಬ್ಬ ಬಾಗಿಲು ತಟ್ಟಿದ. ‘ಸರ್, ಹೇಳಬಾರದು ಅಂತ ಹೇಳಿದ್ದಾನೆ, ಆದ್ರೂ...’ ಅಂತ ಅಲ್ಲೇ ನಿಂತ. ಆ ‘ಆದ್ರೂ’ದಿಂದ ಅವನ ಗೆಳೆಯ ಬದುಕಿದ. ಒಂದು ತಿಂಗಳು ಇವನ ಜತೆ ಮಾತು ಬಿಟ್ಟಿದ್ದ, ನಿಜ. ಆಮೇಲೆ ಇಬ್ಬರೂ ಒಟ್ಟಿಗೆ ಪರೀಕ್ಷೆ ಬರೆದರು.

ಮೊದಲು ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬ ಹೆದರಿಕೆ ಬೇಡ. ಬಹಳ ಮಂದಿಗೆ ಯಾರೋ ಕೇಳಿದರಲ್ಲ ಎಂದು ಎದೆ ಹಗುರವಾಗುತ್ತದೆ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ಸ್ನಾನಕ್ಕೆ ಹೋದರೂ ಹೊರಗೆ ನಿಂತಿರಿ. ಅಪಾಯ ಮಾಡಿಕೊಳ್ಳಬಹುದಾದ ವಸ್ತು ರೂಮಿನಲ್ಲಿದ್ದರೆ ತೆಗೆದು ಬೇರೆ ಕಡೆ ಇಡಿ. ಬುದ್ಧಿ ಹೇಳಬೇಡಿ. ‘ಮನೆಯವರ ಕಷ್ಟ ನೋಡು’ ಅಂತ ಅಂತೂ ಹೇಳಲೇಬೇಡಿ, ಅವನು ಆಗಲೇ ತನ್ನನ್ನು ಹೊರೆ ಅಂದುಕೊಂಡಿದ್ದಾನೆ. ಪಕ್ಕದಲ್ಲಿ ಕೂತು ಕೇಳಿಸಿಕೊಂಡರೆ ಸಾಕು.

ಆಮೇಲೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. ಅವನೇ ಮಾಡಬೇಕು ಅಂತಿಲ್ಲ, ‘ನನ್ನ ಗೆಳೆಯ ಹೀಗಿದ್ದಾನೆ’ ಎಂದು ನೀವೂ ಕೇಳಬಹುದು.

ಆದರೆ ಅವನು ಹೇಗೆ, ಯಾವಾಗ ಎಂದೆಲ್ಲ ಯೋಚಿಸಿಟ್ಟಿದ್ದಾನೆ ಅನ್ನಿಸಿದರೆ ಫೋನಿನ ಮಾತು ಸಾಲದು. ವಾರ್ಡನ್ ಬಾಗಿಲು ತಟ್ಟಿ, 108ಕ್ಕೋ 112ಕ್ಕೋ ಫೋನ್ ಮಾಡಿ, ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಧಾರವಾಡದವರಿಗೆ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಊರಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಏನಾದರೂ ನುಂಗಿದ್ದಾನೆ ಎಂಬ ಅನುಮಾನ ಬಂದರೂ ಸಾಕು, ಮಾತಾಡುತ್ತಾ ಚೆನ್ನಾಗೇ ಕಂಡರೂ ತಕ್ಷಣ ಹೊರಡಿ. ಕೆಲವು ಮಾತ್ರೆಗಳ ಹಾನಿ ಮೊದಲ ದಿನ ಹೊರಗೆ ಕಾಣುವುದೇ ಇಲ್ಲ.

ಇನ್ನು ಪೊಲೀಸ್ ಕೇಸಿನ ಮಾತು. ಸಹಾಯ ಕೇಳಿದ್ದಕ್ಕೆ ಯಾವ ಕೇಸೂ ಇಲ್ಲ. ಪ್ರಯತ್ನವೇ ಆಗಿಹೋಗಿದ್ದರೂ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಇದೆ. ಆ ಮನುಷ್ಯ ತೀವ್ರ ಒತ್ತಡದಲ್ಲಿದ್ದ ಎಂದೇ ತಿಳಿಯಬೇಕು, ಶಿಕ್ಷಿಸಬಾರದು, ಚಿಕಿತ್ಸೆ ಕೊಡಬೇಕು ಎನ್ನುತ್ತದೆ ಅದು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಅವರು ಬಂದು ಹೇಳಿಕೆ ಕೇಳಬಹುದು, ಅಷ್ಟಕ್ಕೆ ಗಾಬರಿಯಾಗಿ ಆಸ್ಪತ್ರೆ ತಪ್ಪಿಸಬೇಡಿ. ಹಾಸ್ಟೆಲ್‌ನವರು ಗದರಿದರೆ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ನೆನಪಿಸಿ: ನೂರು ಅಥವಾ ಅದಕ್ಕಿಂತ ಜಾಸ್ತಿ ವಿದ್ಯಾರ್ಥಿಗಳಿರುವ ಕಡೆ ಅರ್ಹ ಆಪ್ತಸಮಾಲೋಚಕರು ಒಬ್ಬರಾದರೂ ಇರಲೇಬೇಕು. ನಿಮ್ಮಲ್ಲಿ ಇದ್ದಾರಾ? ಇಲ್ಲದಿದ್ದರೆ ಹತ್ತು ಜನ ಸೇರಿ ಅರ್ಜಿ ಕೊಡಿ, ಇದು ಸುಮ್ನೆ ಬಿಡುವ ವಿಷಯ ಅಲ್ವೇ ಅಲ್ಲ.

ಪ್ರಶ್ನೆ: ಮೈಸೂರಿನ ಪಿಜಿಯಲ್ಲಿದ್ದೇನೆ. ಬೇಡ ಅಂದ ಮೇಲೂ ಸೀನಿಯರ್ ಒಬ್ಬ ಹಿಂದೆ ಬರುತ್ತಾನೆ, ರಾತ್ರಿ ಗೇಟಿನ ಹತ್ತಿರ ನಿಲ್ಲುತ್ತಾನೆ, ಫೋಟೋ ಹಾಕುತ್ತೇನೆ ಎಂದು ಮೆಸೇಜ್ ಮಾಡುತ್ತಾನೆ. ಮನೆಯಲ್ಲಿ ಹೇಳಿದರೆ ಓದು ಬಿಡಿಸುತ್ತಾರೆ.
– ಬಿ.ಕಾಂ. ವಿದ್ಯಾರ್ಥಿನಿ

ಉತ್ತರ: ಅವನು ಗೇಟಿನ ಹತ್ತಿರ ನಿಂತಿರುವಾಗಲೇ 112ಕ್ಕೆ ಫೋನ್ ಮಾಡಿ, ಹೋಗಲಿ ಅಂತ ಕಾಯಬೇಡಿ. ಬೇಡ ಅಂದ ಮೇಲೂ ಹಿಂಬಾಲಿಸುವುದು ಅಪರಾಧ, ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್‌ನಲ್ಲಿದೆ. ಮೆಸೇಜ್ ಅಳಿಸಬೇಡಿ. ಓದುವುದಕ್ಕೇ ಹೇಸಿಗೆ ಆಗುತ್ತದೆ, ಗೊತ್ತು, ಆದರೂ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಂಬುವ ಗೆಳತಿಗೂ ಒಂದು ಪ್ರತಿ ಕಳಿಸಿಡಿ. ‘ಇದು ನಮ್ಮ ಠಾಣೆ ವ್ಯಾಪ್ತಿ ಅಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ಝೀರೋ ಎಫ್ಐಆರ್ ಆಗುತ್ತದೆ. ಅವನು ನಿಮ್ಮದೇ ಕಾಲೇಜಿನವನಾದರೆ ಆಂತರಿಕ ದೂರು ಸಮಿತಿಗೂ ಬರೆದುಕೊಡಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಕೊಡಬೇಕು, ಅದಕ್ಕೇ ಪರೀಕ್ಷೆ ಮುಗಿಯಲಿ ಅಂತ ಮುಂದೂಡಬೇಡಿ. 181 ಮಹಿಳಾ ಸಹಾಯವಾಣಿಯವರು ಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ನೆರವಾಗುವ ಹತ್ತಿರದ ಸಖಿ ಕೇಂದ್ರದ ದಾರಿ ಹೇಳುತ್ತಾರೆ.

ಮನೆಯ ವಿಷಯ: ಅಪ್ಪ ಅಮ್ಮನಿಗಿಂತ ಮೊದಲು ಒಬ್ಬ ಅಕ್ಕನಿಗೋ ಚಿಕ್ಕಮ್ಮನಿಗೋ ಟೀಚರಿಗೋ ಹೇಳಿ. ತಪ್ಪು ನಿಮ್ಮದಲ್ಲ ಎಂದು ಮನೆಯಲ್ಲಿ ನಿಮ್ಮ ಪರವಾಗಿ ಮಾತಾಡುವ ದೊಡ್ಡವರು ಒಬ್ಬರು ಬೇಕು.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಂ.ಎಸ್. ಮಾಡುತ್ತಿದ್ದಾಳೆ. ಫೋನಿನಲ್ಲಿ ಅಳುತ್ತಾಳೆ, ಕೆಲವು ಸಲ ಎರಡು ದಿನ ಫೋನೇ ಎತ್ತುವುದಿಲ್ಲ. ಶಿವಮೊಗ್ಗದಲ್ಲಿ ಕೂತು ನಾವೇನು ಮಾಡುವುದು?
– ತಾಯಿ

ಉತ್ತರ: ಅಲ್ಲಿ ಮನಸ್ಸಿನ ಸಂಕಟಕ್ಕೆ, ಸಾಯುವ ಯೋಚನೆಗೆ 988 ಎಂಬ ಸಹಾಯವಾಣಿ ನಂಬರ್ ಇದೆ, 2022ರ ಜುಲೈಯಿಂದ. ಫೋನೂ ಮಾಡಬಹುದು, ಮೆಸೇಜೂ ಮಾಡಬಹುದು, ಹಗಲು ರಾತ್ರಿ. ತುರ್ತಿದ್ದರೆ 911. ಆದರೆ ಈ ಮೂರಂಕಿ ನಂಬರ್‌ಗಳು ನೀವು ಇಲ್ಲಿಂದ ಒತ್ತಿದರೆ ಅಲ್ಲಿಗೆ ಹೋಗುವುದಿಲ್ಲ. ಅದಕ್ಕೇ ಅವಳ ವಿಶ್ವವಿದ್ಯಾಲಯದ ಕ್ಯಾಂಪಸ್ ಪೊಲೀಸ್ ಮತ್ತು ಕೌನ್ಸೆಲಿಂಗ್ ಕೇಂದ್ರದ ಪೂರ್ತಿ ನಂಬರ್ ಹುಡುಕಿ ಇಟ್ಟುಕೊಳ್ಳಿ, +1 ಸೇರಿಸಿ. ಫೋನ್ ಎತ್ತದಿದ್ದಾಗ ‘ವೆಲ್‌ಫೇರ್ ಚೆಕ್’ ಮಾಡಿ ಎಂದು ಕೇಳಿದರೆ ರೂಮಿಗೆ ಹೋಗಿ ನೋಡಿ ಬರುತ್ತಾರೆ. ಅವಳು ಎತ್ತಿದಾಗ ಮಾರ್ಕ್ಸು, ಸಾಲ ಎರಡನ್ನೂ ಸ್ವಲ್ಪ ದಿನ ಬಿಡಿ. ‘ಎಲ್ಲಾ ಬಿಟ್ಟು ಬಾ ಮಗಳೇ, ನಮಗೆ ನೀನು ಸಾಕು’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಅವಳ ರೂಮ್‌ಮೇಟ್ ನಂಬರ್ ನಿಮ್ಮ ಹತ್ತಿರ ಇದೆಯಾ? ಇಲ್ಲದಿದ್ದರೆ ಇವತ್ತೇ ಕೇಳಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.