ಮಣ್ಣು ಉಳಿಸೋಕೆ ಅಂತಾರಾಷ್ಟ್ರೀಯ ಕಾನೂನು ಇದೆಯಾ? ಇದ್ದರೆ ನಮಗೇನು ಉಪಯೋಗ?

ಇದೆ, ಆದರೆ ಅರ್ಧಂಬರ್ಧ.

ನಮ್ಮದು ಬಯಲುಸೀಮೆಯ ಮಸಾರಿ ಹೊಲ. ಚಿಕ್ಕವನಿದ್ದಾಗ ಒಂದು ಸಲ ಜೋರು ಮಳೆ ಬಂದು ಬದು ಒಡೆಯಿತು. ಹಳ್ಳಕ್ಕೆ ಹರಿಯುತ್ತಿದ್ದ ಕೆಂಪು ನೀರನ್ನು ಅಪ್ಪ ಒಂದು ಚೊಂಬಿನಲ್ಲಿ ಹಿಡಿದು ತಂದು ಜಗುಲಿ ಮೇಲಿಟ್ಟರು. ಬೆಳಿಗ್ಗೆ ನೋಡಿದರೆ ತಳದಲ್ಲಿ ಒಂದು ಬೆರಳು ದಪ್ಪ ಮಣ್ಣು ಕೂತಿತ್ತು. "ನಾವು ಹಾಕಿದ ಗೊಬ್ಬರವೆಲ್ಲ ಇದರಲ್ಲೇ ಇದೆ ನೋಡು" ಅಂದರು. ನಾನು ಈ ಒಪ್ಪಂದಗಳನ್ನೆಲ್ಲ ಹುಡುಕಿ ಓದೋಕೆ ಶುರು ಮಾಡಿದ್ದು ಆ ಚೊಂಬಿನ ನೆನಪಿನಿಂದಲೇ.

ಮಣ್ಣಿಗೆ ತೀರ ಹತ್ತಿರದ್ದು ಅಂದರೆ ಮರುಭೂಮೀಕರಣ, ಅಂದರೆ ನೆಲ ಬರಡಾಗುವುದನ್ನು ತಡೆಯುವ ವಿಶ್ವಸಂಸ್ಥೆಯ ಒಪ್ಪಂದ. 1994ರಲ್ಲಿ ಪ್ಯಾರಿಸ್‌ನಲ್ಲಿ ಆಗಿದ್ದು. ಭಾರತ 1996ರಲ್ಲಿ ಸೇರಿತು. ಅದರ ಮುಖ್ಯ ಗಮನ ಒಣ ಪ್ರದೇಶಗಳ ಮೇಲೆ. ಪಾವಗಡದ ಹೊಲ ಆ ಲೆಕ್ಕಕ್ಕೆ ಬರುತ್ತದೆ, ಆಗುಂಬೆಯ ಗುಡ್ಡ ಬರುವುದಿಲ್ಲ. ಮಾತು ತಪ್ಪಿದ ದೇಶಕ್ಕೆ ದಂಡವೂ ಇಲ್ಲ. 2019ರಲ್ಲಿ ಇದೇ ಒಪ್ಪಂದದ ಸಭೆ ಗ್ರೇಟರ್ ನೋಯ್ಡಾದಲ್ಲಿ ನಡೆದಾಗ, 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳಾದ ಭೂಮಿಯನ್ನು ಸರಿಪಡಿಸುತ್ತೇವೆ ಎಂದು ಭಾರತ ಮಾತು ಕೊಟ್ಟಿತು. ಇಸ್ರೋದ ನಕ್ಷೆ ಪ್ರಕಾರ 2018-19ರಲ್ಲಿ ಹಾಳಾಗಿದ್ದ ನೆಲ ಸುಮಾರು 9.78 ಕೋಟಿ ಹೆಕ್ಟೇರ್. ದೇಶದ ಮೂರರಲ್ಲೊಂದು ಪಾಲಿಗೆ ಸ್ವಲ್ಪವೇ ಕಡಿಮೆ.

ಗಾಳಿಗೆ, ಸಮುದ್ರಕ್ಕೆ ಇರುವಷ್ಟು ಗಟ್ಟಿ ಒಪ್ಪಂದ ಮಣ್ಣಿಗೆ ಯಾಕಿಲ್ಲ? ಗಾಳಿ ಗಡಿ ದಾಟುತ್ತದೆ. ಮಣ್ಣು ಮಾತ್ರ ಯಾರದೋ ಪಹಣಿಯಲ್ಲಿ ಕೂತಿರುತ್ತದೆ. "ನಮ್ಮ ನೆಲ, ನಿಮಗ್ಯಾಕೆ?" ಅನ್ನೋದು ಎಲ್ಲ ದೇಶಗಳ ಮಾತು. ಯುರೋಪಿಯನ್ ಒಕ್ಕೂಟದಲ್ಲೇ 2006ರಲ್ಲಿ ಬಂದ ಮಣ್ಣಿನ ಕಾನೂನಿನ ಕರಡನ್ನು ಜರ್ಮನಿ, ಬ್ರಿಟನ್‌ನಂಥ ದೇಶಗಳು ತಡೆದವು. 2014ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಕೊನೆಗೆ ಮಣ್ಣಿಗೆ ಕಾನೂನು ಆಗಿದ್ದು 2025ರಲ್ಲಿ.

ಆದರೂ ಒಂದು ಕಡೆ ಮಣ್ಣಿನ ಒಪ್ಪಂದ ನಿಜವಾಗಿ ಕೆಲಸ ಮಾಡಿದೆ. ಯುರೋಪಿನ ಆಲ್ಪ್ಸ್ ಬೆಟ್ಟಗಳನ್ನು ಹಂಚಿಕೊಂಡ ಎಂಟು ದೇಶಗಳಿಗೆ ಒಂದು ಒಪ್ಪಂದ ಇದೆ. ಅದರ ಕೆಳಗೆ 1998ರಲ್ಲಿ ಮಣ್ಣಿಗೆ ಅಂತಲೇ ಬೇರೆ ದಸ್ತಾವೇಜು ಮಾಡಿದರು. ಎಲ್ಲರೂ ಒಪ್ಪಲಿಲ್ಲ, ಸ್ವಿಟ್ಜರ್ಲೆಂಡ್ ಇವತ್ತಿಗೂ ಹೊರಗೇ ಇದೆ. ಆದರೆ ಅದರ 14ನೇ ವಿಧಿ ಓದಿ ನೋಡಿ, ನೇರವಾಗಿದೆ: ಜಾರುವ, ಅಸ್ಥಿರವಾದ ಇಳಿಜಾರಿನಲ್ಲಿ ಸ್ಕೀ (ಹಿಮದ ಮೇಲೆ ಜಾರುವ ಆಟ) ಓಟದ ದಾರಿ ಕಡಿಯಲು ಅನುಮತಿ ಕೊಡಬಾರದು. ಇನ್ಸ್‌ಬ್ರುಕ್ ಹತ್ತಿರದ ಒಂದು ಸ್ಕೀ ಯೋಜನೆಯ ಪ್ರಕರಣದಲ್ಲಿ 2005ರಲ್ಲಿ ಆಸ್ಟ್ರಿಯಾದ ಉನ್ನತ ಆಡಳಿತ ನ್ಯಾಯಾಲಯ, ಈ ವಿಧಿಯನ್ನು ಅಧಿಕಾರಿಗಳು ನೇರವಾಗಿ ಪಾಲಿಸಬೇಕು ಎಂದಿತು. ಜರ್ಮನಿಯ ಬವೇರಿಯಾದಲ್ಲಿ ರೀಡ್‌ಬರ್ಗರ್ ಹಾರ್ನ್ ಬೆಟ್ಟಕ್ಕೆ ಸ್ಕೀ ಯೋಜನೆ ಬಂದಾಗ, ವಿರೋಧಿಸಿದ ಜನ ಇದೇ ವಿಧಿ ಹಿಡಿದು ವಾದ ಮಾಡಿದರು. 2018ರಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು.

ನನಗೆ ಇಷ್ಟವಾಗಿದ್ದು ಇದೇ. ದೊಡ್ಡ ದೊಡ್ಡ ಗುರಿಗಳಿಗಿಂತ, ಕೋರ್ಟಿನಲ್ಲಿ ಓದಿ ತೋರಿಸಬಹುದಾದ ಒಂದು ವಾಕ್ಯ ಜಾಸ್ತಿ ಕೆಲಸಕ್ಕೆ ಬಂತು, ಅಲ್ವಾ?

ಈಗ ನಿಮ್ಮ ಎರಡನೇ ಪ್ರಶ್ನೆ. ನಮ್ಮಲ್ಲಿ ಭೂಮಿ ರಾಜ್ಯಪಟ್ಟಿಯ ವಿಷಯ. ದಿಲ್ಲಿಯವರು ಹೊರದೇಶಗಳಿಗೆ ಮಾತು ಕೊಟ್ಟರೂ ನೆಲದ ಕೆಲಸ ಬೆಂಗಳೂರಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ ಆಗಬೇಕು. ಪಶ್ಚಿಮಘಟ್ಟ ಆರು ರಾಜ್ಯಗಳಲ್ಲಿ ಹಬ್ಬಿದೆ, ಆಲ್ಪ್ಸ್ ಹಾಗೆಯೇ ಹಂಚಿಹೋದ ಬೆಟ್ಟಸಾಲು. 2018ರಲ್ಲಿ ಕೊಡಗು, 2024ರಲ್ಲಿ ಶಿರೂರು ಮತ್ತು ವಯನಾಡು: ಗುಡ್ಡ ಜಾರಿದಾಗ ಜನ ಸತ್ತರು. ಆರೂ ರಾಜ್ಯಗಳು ಕೂತು, ಜಾರುವ ಇಳಿಜಾರಿನಲ್ಲಿ ಗುಡ್ಡ ಕಡಿಯಲು ಅನುಮತಿ ಇಲ್ಲ ಅನ್ನೋ ಒಂದೇ ಒಂದು ಸಾಲನ್ನು ಕಾನೂನಾಗಿ ಬರೆದುಕೊಳ್ಳಲಿ. ಅದಕ್ಕೆ ವಿಶ್ವಸಂಸ್ಥೆಯನ್ನು ಕಾಯಬೇಕಾಗಿಲ್ಲ.